ಇಂಟರ್ನೆಟ್ಟಿನ ವೇಗ: ತೂಬು ಎಲ್ಲಿದೆ, ಹೂಳು ಎಲ್ಲಿದೆ



ನಾನು ಹಿರಿಯೂರಿನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಂಪ್ಯೂಟರ್ ಪಾಠ ಹೇಳಿಕೊಂಡು ಬಂದವನು. ಮದುವೆ ಮನೆಗೆ ಹೋಗಿರಲಿ, ಸಂತೆಯಲ್ಲಿ ತರಕಾರಿ ಕೊಳ್ಳುತ್ತಾ ನಿಂತಿರಲಿ, ಪರಿಚಯದವರು ಸಿಕ್ಕರೆ ಮಳೆ ಬೆಳೆಯ ಮಾತು ಮುಗಿಯುವುದರೊಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸಾರ್, ಮನೇಲಿ ನೆಟ್ ಬಹಳ ಸ್ಲೋ. ಯಾವುದೋ ಸಾಫ್ಟ್‌ವೇರ್ ಹಾಕಿದ್ರೆ ಸ್ಪೀಡ್ ಆಗುತ್ತಂತಲ್ಲ, ಹೌದಾ?" ನಿಂತ ಕಾಲಲ್ಲಿ ಹೌದು, ಇಲ್ಲ ಎಂದು ಹೇಳಿ ಮುಗಿಸುವ ಪ್ರಶ್ನೆ ಅದಲ್ಲ. ಇವತ್ತು ಸಿಕ್ಕಿರುವ ಈ ಹೊತ್ತಿನಲ್ಲಿ ಕೂತು ಉತ್ತರ ಹೇಳುತ್ತೇನೆ.

ಕಳೆದ ಬೇಸಿಗೆಯಲ್ಲಿ ತೇರು ಮಲ್ಲೇಶ್ವರ ದೇವಸ್ಥಾನದ ಕಡೆಯ ಒಂದು ಹಳೆಯ ಮನೆಯಿಂದ ಕರೆ ಬಂತು. ಮಗಳು ಸಿಇಟಿಗೆ ಓದುತ್ತಿದ್ದಳು. ಪಾಠವೆಲ್ಲ ಲ್ಯಾಪ್‌ಟಾಪಿನಲ್ಲಿ. ಮೇಷ್ಟರು ಬೋರ್ಡಿನ ಮೇಲೆ ಸೂತ್ರ ಬರೆಯಲು ಕೈಯೆತ್ತಿದರೆ ಆ ಕೈ ಅಲ್ಲೇ ನಿಂತುಬಿಡುತ್ತಿತ್ತು. ಪರದೆಯ ನಡುವೆ ಚಕ್ರ ಸುತ್ತತೊಡಗುತ್ತಿತ್ತು. ಚಕ್ರ ನಿಂತು ಮೇಷ್ಟರ ಕೈ ಇಳಿಯುವಷ್ಟರಲ್ಲಿ ಸೂತ್ರ ಮುಗಿದು, ಮುಂದಿನ ಲೆಕ್ಕ ಶುರುವಾಗಿರುತ್ತಿತ್ತು. ಆ ಹುಡುಗಿ ನೋಟ್‌ಬುಕ್ಕಿನಲ್ಲಿ ತಪ್ಪಿಹೋದ ಕಡೆಯಲ್ಲೆಲ್ಲ ಖಾಲಿ ಜಾಗ ಬಿಟ್ಟುಕೊಂಡು ಬರೆದಿದ್ದಳು. ಪುಟ ತಿರುಗಿಸಿದರೆ ಅರ್ಧ ಬರಹ, ಅರ್ಧ ಬಿಳಿ. ನನಗೆ ಅದನ್ನು ನೋಡಿ ಸಂಕಟವಾಯಿತು.

ಅಪ್ಪ ಕೈಲಾದದ್ದನ್ನೆಲ್ಲ ಮಾಡಿದ್ದರು. ಲ್ಯಾಪ್‌ಟಾಪ್ ತೆರೆದು ನೋಡಿದರೆ ವೇಗ ಹೆಚ್ಚಿಸುವ ಮೂರು ಸಾಫ್ಟ್‌ವೇರುಗಳು ಒಂದರ ಮೇಲೊಂದು ಕೂತಿದ್ದವು. ಒಂದಕ್ಕೆ ವರ್ಷಕ್ಕೆ ಸಾವಿರದ ಚಿಲ್ಲರೆ ರೂಪಾಯಿ ಕೊಟ್ಟಿದ್ದರು. ಅದು ತೆರೆದ ಕೂಡಲೇ ಹಸಿರು ಮುಳ್ಳೊಂದು ಬಲಕ್ಕೆ ತಿರುಗಿ "ನಿಮ್ಮ ಸಂಪರ್ಕ ಈಗ ಮೂರು ಪಟ್ಟು ವೇಗ" ಎಂದು ತೋರಿಸುತ್ತಿತ್ತು. ಪಾಠ ಮಾತ್ರ ಅಲ್ಲೇ ನಿಂತಿತ್ತು. ಆ ಮನೆಯಲ್ಲಿ ಕೊನೆಗೆ ಏನಾಯಿತು ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು, ಈ ಸಾಫ್ಟ್‌ವೇರುಗಳು ಏನು ಮಾಡಬಲ್ಲವು, ಏನು ಮಾಡಲಾರವು ಎಂಬುದನ್ನು ನೋಡೋಣ.

ಹಿರಿಯೂರಿನವರಿಗೆ ಇದನ್ನು ನೀರಿನ ಮಾತಿನಲ್ಲೇ ಹೇಳಬೇಕು. ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಕಟ್ಟಿ ಮುಗಿದದ್ದು. ಅದು 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬಿದ್ದದ್ದನ್ನು ನೋಡಲು ನಾವು 2022ರ ಸೆಪ್ಟೆಂಬರಿನವರೆಗೆ, ಅಂದರೆ 89 ವರ್ಷ ಕಾಯಬೇಕಾಯಿತು. ಅದರ ಕಾಲುವೆಯ ಕೊನೆಯಲ್ಲಿ ಹೊಲ ಇರುವ ರೈತನನ್ನು ಕೇಳಿ. ತನ್ನ ಹೊಲಕ್ಕೆ ಬರುವ ನೀರು ಮೂರು ವಿಷಯಕ್ಕೆ ಕಟ್ಟುಬಿದ್ದಿದೆ ಎಂದು ಅವನು ಹೇಳುತ್ತಾನೆ. ಅಣೆಕಟ್ಟಿನಲ್ಲಿ ಎಷ್ಟು ನೀರಿದೆ, ತೂಬು ಎಷ್ಟು ಎತ್ತಿದ್ದಾರೆ, ತನ್ನ ಹೊಲಗಾಲುವೆಯಲ್ಲಿ ಎಷ್ಟು ಹೂಳಿದೆ. ಮೊದಲಿನ ಎರಡು ಅವನ ಕೈಯಲ್ಲಿಲ್ಲ. ಮೂರನೆಯದು ಇದೆ, ಅದಕ್ಕೇ ಗುದ್ದಲಿ ಹಿಡಿಯುತ್ತಾನೆ.

ಕಂಪ್ಯೂಟರಿನ ಸೆಟ್ಟಿಂಗ್ ತಿದ್ದುವುದು ಈ ಗುದ್ದಲಿ ಕೆಲಸ. ಹೂಳು ಇದ್ದರೆ ತೆಗೆದ ದಿನವೇ ನೀರು ನುಗ್ಗುತ್ತದೆ. ಹೂಳೇ ಇಲ್ಲದ ಕಾಲುವೆಯನ್ನು ಎಷ್ಟು ಕೆರೆದರೂ ಅಲ್ಲಿ ತೂಬು ಒಂದು ಅಂಗುಲವೂ ಮೇಲೇಳುವುದಿಲ್ಲ. ನೀವು ತಿಂಗಳಿಗೆ ಹಣ ಕಟ್ಟುವ ಪ್ಲಾನ್ 40 ಮೆಗಾಬಿಟ್ಟಿನದ್ದಾದರೆ ಆ ಕಟ್ಟು ಇರುವುದು ಕಂಪನಿಯ ಯಂತ್ರದಲ್ಲಿ. ನಿಮ್ಮ ಮನೆಯ ಯಾವ ಸಾಫ್ಟ್‌ವೇರೂ ಅಲ್ಲಿಗೆ ಹೋಗಿ ಅದನ್ನು 41 ಮಾಡಲಾರದು.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಹುಟ್ಟಿದ್ದು ಸುಳ್ಳಿನಿಂದಲ್ಲ. ಒಂದು ಕಾಲದಲ್ಲಿ ಹೂಳು ನಿಜವಾಗಿಯೂ ಇತ್ತು.

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡಲು ಶುರುಮಾಡಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದವರು. ಟೆಲಿಫೋನ್ ತಂತಿಯ ಮೇಲೆ, ಮೋಡೆಮ್ ಕಿರುಗುಟ್ಟಿಕೊಂಡು ಬರುತ್ತಿದ್ದ ಸಂಪರ್ಕ. ಅದರ ಗರಿಷ್ಠ ವೇಗ ಕೊನೆಕೊನೆಗೆ ಸೆಕೆಂಡಿಗೆ 56 ಕಿಲೋಬಿಟ್. ಆಮೇಲೆ 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ತಂದಿತು, 256 ಕಿಲೋಬಿಟ್. ಇಲ್ಲಿ ಒಂದು ಲೆಕ್ಕ ಮನಸ್ಸಿನಲ್ಲಿಟ್ಟುಕೊಳ್ಳಿ, ಇದನ್ನು ತಿಳಿಯದೆ ಮೋಸ ಹೋದವರು ಬಹಳ ಮಂದಿ. ಕಂಪನಿಯವರು ಹೇಳುವುದು ಬಿಟ್ಟಿನಲ್ಲಿ, ಕಂಪ್ಯೂಟರ್ ಫೈಲು ಇಳಿಸುವಾಗ ತೋರಿಸುವುದು ಸಾಮಾನ್ಯವಾಗಿ ಬೈಟಿನಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟು. 256 ಕಿಲೋಬಿಟ್ ಎಂದರೆ 32 ಕಿಲೋಬೈಟ್. ಇವತ್ತಿನ 40 ಮೆಗಾಬಿಟ್ ಎಂದರೆ 5 ಮೆಗಾಬೈಟ್. "ನಲವತ್ತು ಅಂತ ಹೇಳಿ ಐದು ಕೊಡ್ತಿದ್ದಾರೆ" ಎಂದು ಜಗಳಕ್ಕೆ ನಿಂತವರನ್ನು ನಾನು ಕಂಡಿದ್ದೇನೆ. ಅವರಿಗೆ ಸಿಗುತ್ತಿದ್ದದ್ದು ಪೂರ್ತಿ ನಲವತ್ತೇ.

ಆಗಿನ ಕಂಪ್ಯೂಟರುಗಳಲ್ಲಿ ಇದ್ದದ್ದು 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ. ಅದರ ಒಳಗಿನ ಒಂದು ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ವಿಷಯದ ಬೇರು ಅಲ್ಲಿದೆ.

ಈರುಳ್ಳಿ ಕಿತ್ತ ಕಾಲಕ್ಕೆ ನಮ್ಮ ಕಡೆಯಿಂದ ಯಶವಂತಪುರದ ಮಂಡಿಗೆ ಲಾರಿಗಳು ಹೊರಡುತ್ತವೆ. ಹೆದ್ದಾರಿ ಎಷ್ಟೇ ಅಗಲವಾಗಿರಲಿ, ನಿಮ್ಮ ಹತ್ತಿರ ಇರುವುದು ಒಂದೇ ಲಾರಿ ಎಂದುಕೊಳ್ಳಿ. ಅದು ಹೋಗಿ, ಮೂಟೆ ಇಳಿಸಿ, ಖಾಲಿಯಾಗಿ ವಾಪಸು ಬಂದ ಮೇಲೆಯೇ ಎರಡನೆಯ ಲೋಡು. ರಸ್ತೆ ಬಿಕೋ ಎನ್ನುತ್ತಿರುತ್ತದೆ, ಹೊಲದಲ್ಲಿ ಈರುಳ್ಳಿ ರಾಶಿ ಬಿದ್ದಿರುತ್ತದೆ, ಮಂಡಿಗೆ ಮಾತ್ರ ದಿನಕ್ಕೆ ಒಂದೇ ಲೋಡು. ಹತ್ತು ಲಾರಿ ಇದ್ದರೆ ಒಂದರ ಹಿಂದೆ ಒಂದು ಹೊರಡಿಸಬಹುದು. ಇಂಟರ್ನೆಟ್ಟಿನಲ್ಲಿ ಮಾಹಿತಿ ಕಳಿಸುವ ಟಿಸಿಪಿ ಎಂಬ ಪದ್ಧತಿಯೂ ಹೀಗೆಯೇ. ಇಷ್ಟು ಕಳಿಸುತ್ತೇನೆ, "ತಲುಪಿತು" ಎಂಬ ಚೀಟಿ ಬರಲಿ, ಆಮೇಲೆ ಮತ್ತಷ್ಟು ಕಳಿಸುತ್ತೇನೆ ಎನ್ನುತ್ತದೆ. ಚೀಟಿ ಬರುವ ಮೊದಲು ಎಷ್ಟು ಕಳಿಸಬಹುದು ಎನ್ನುವ ಮಿತಿಯೇ ನಿಮ್ಮ ಲಾರಿಗಳ ಲೆಕ್ಕ.

ಎಕ್ಸ್‌ಪಿಯಲ್ಲಿ ಆ ಮಿತಿ ಸಾಮಾನ್ಯವಾಗಿ ಸುಮಾರು 17 ಕಿಲೋಬೈಟ್. ಅಮೆರಿಕದ ಒಂದು ಕಂಪ್ಯೂಟರಿಗೆ ಹೋಗಿ ಬರಲು ಕಾಲು ಸೆಕೆಂಡು ಎಂದಿಟ್ಟುಕೊಂಡರೆ ಸೆಕೆಂಡಿಗೆ ನಾಲ್ಕು ಸುತ್ತು, ಸುಮಾರು 70 ಕಿಲೋಬೈಟ್. ಬಿಟ್ಟಿನ ಲೆಕ್ಕದಲ್ಲಿ ಅರ್ಧ ಮೆಗಾಬಿಟ್ಟಿಗಿಂತ ಸ್ವಲ್ಪ ಹೆಚ್ಚು. ಮನೆಗೆ ಮೂರು ನಾಲ್ಕು ಮೆಗಾಬಿಟ್ಟಿನ ತಂತಿ ಇದ್ದ ಪರದೇಶದವರಿಗೆ ದೂರದ ಊರಿನಿಂದ ಫೈಲು ಇಳಿಸುವಾಗ ಇದು ನಿಜವಾದ ತೊಂದರೆ. ರಸ್ತೆ ಖಾಲಿ, ಲಾರಿ ಕಡಿಮೆ. ರಿಜಿಸ್ಟ್ರಿ ಎಂಬ ಒಳಕಡತಕ್ಕೆ ಹೋಗಿ ಒಂದು ಅಂಕಿ ತಿದ್ದಿದರೆ ವೇಗ ಕಣ್ಣಿಗೆ ಕಾಣುವಷ್ಟು ಏರುತ್ತಿತ್ತು. ಸಾಫ್ಟ್‌ವೇರಿನಿಂದ ನೆಟ್ ವೇಗವಾಗುತ್ತದೆ ಎಂಬ ಮಾತಿನ ಹುಟ್ಟು ಇದು. ಅದು ಪ್ರಾಮಾಣಿಕವಾದ ಮಾತೇ.

ಆದರೆ ಹಿರಿಯೂರಿನ ಲೆಕ್ಕ ಬೇರೆ. ನಮ್ಮ 256 ಕಿಲೋಬಿಟ್ಟಿನ ತಂತಿ ಹೊರಬಲ್ಲದ್ದು 32 ಕಿಲೋಬೈಟ್. ಲಾರಿಗಳು 70 ಕಿಲೋಬೈಟ್ ಹೊರಲು ಆಗಲೇ ಸಿದ್ಧವಾಗಿ ನಿಂತಿದ್ದವು. ನಮ್ಮಲ್ಲಿ ಲಾರಿಗೆ ಬರವಿರಲಿಲ್ಲ, ರಸ್ತೆಯೇ ಕಿರಿದಾಗಿತ್ತು. ಆ ಅಂಕಿಯನ್ನು ಎಷ್ಟು ತಿದ್ದಿದರೂ ನಮಗೆ ಒಂದು ಕಿಲೋಬೈಟೂ ಹೆಚ್ಚುವಂತಿರಲಿಲ್ಲ. ಆ ದಿನಗಳಲ್ಲಿ ಊರಿನ ಸೈಬರ್ ಸೆಂಟರುಗಳಲ್ಲಿ ನಾನೇ ಕೂತು ಈ ತಿದ್ದುಪಡಿ ಮಾಡಿಕೊಟ್ಟಿದ್ದೇನೆ. ಒಂದು ಸಂಜೆ ಈ ಲೆಕ್ಕವನ್ನು ಹಾಳೆಯ ಮೇಲೆ ಹಾಕಿ ನೋಡಿದ ಮೇಲೆ ನಿಲ್ಲಿಸಿದೆ. ಬೇರೆಯವರ ರೋಗಕ್ಕೆ ಬರೆದ ಔಷಧಿಯನ್ನು ನಾವು ವರ್ಷಗಟ್ಟಲೆ ಕುಡಿದೆವು.

ನಮ್ಮ ತಂತಿಯೂ ಅಗಲವಾಗಿ, ಆ ಔಷಧಿ ನಮಗೂ ಬೇಕಾಗುವ ಹೊತ್ತಿಗೆ ಕಂಪ್ಯೂಟರೇ ಬದಲಾಗಿತ್ತು. 2007ರಲ್ಲಿ ಬಂದ ವಿಂಡೋಸ್ ವಿಸ್ಟಾದಿಂದ ಈಚೆಗೆ ಲಾರಿಗಳ ಲೆಕ್ಕವನ್ನು ಕಂಪ್ಯೂಟರ್ ತಾನೇ ನೋಡಿಕೊಳ್ಳುತ್ತದೆ. ರಸ್ತೆ ಖಾಲಿ ಇದ್ದರೆ ಹೆಚ್ಚಿಸುತ್ತದೆ, ತುಂಬಿದರೆ ತಗ್ಗಿಸುತ್ತದೆ. ನಿಮ್ಮ ಆಂಡ್ರಾಯ್ಡ್ ಫೋನೂ ಹಾಗೆಯೇ. ಕೈ ಹಾಕಲು ಅಲ್ಲಿ ಏನೂ ಉಳಿದಿಲ್ಲ.

ಉಳಿದಿಲ್ಲದ ಕಡೆ ಕೈ ಹಾಕಿದರೆ ನಷ್ಟ. ಈ ಸ್ವಯಂಚಾಲಿತ ಹೊಂದಾಣಿಕೆಯನ್ನು ಆಫ್ ಮಾಡಿದರೆ ನೆಟ್ ಹಾರುತ್ತದೆ ಎಂಬ ಸಲಹೆ ಈಗಲೂ ಓಡಾಡುತ್ತಿದೆ. ಹಾಗೆ ಮಾಡಿದರೆ ಮಿತಿ 64 ಕಿಲೋಬೈಟಿಗೆ ನಿಂತುಬಿಡುತ್ತದೆ. ಹೋಗಿ ಬರಲು 20 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು ಹಿಡಿಯುವ ಹತ್ತಿರದ ಸರ್ವರಿನಿಂದಲೂ ಒಂದು ಫೈಲು ಆಗ 26 ಮೆಗಾಬಿಟ್ಟಿಗಿಂತ ವೇಗವಾಗಿ ಇಳಿಯಲಾರದು. 100 ಮೆಗಾಬಿಟ್ಟಿಗೆ ಹಣ ಕಟ್ಟಿ, ಒಂದು ಫೈಲಿಗೆ ಕಾಲು ಭಾಗ ಮಾತ್ರ ಸಿಗುವಂತೆ ನಮ್ಮ ಕೈಯಾರೆ ಮಾಡಿಕೊಂಡ ಹಾಗೆ. ತೇರು ಮಲ್ಲೇಶ್ವರ ಬೀದಿಯ ಆ ಲ್ಯಾಪ್‌ಟಾಪಿನಲ್ಲಿ ದುಡ್ಡು ಕೊಟ್ಟು ಹಾಕಿಸಿಕೊಂಡಿದ್ದ ಸಾಫ್ಟ್‌ವೇರ್ ಮಾಡಿಟ್ಟಿದ್ದ ಕೆಲಸಗಳಲ್ಲಿ ಇದೂ ಒಂದು.

ಇಂಥದ್ದೇ ಇನ್ನೊಂದು ಮಾತು, ವಿಂಡೋಸ್ ನಿಮ್ಮ ವೇಗದಲ್ಲಿ ಶೇಕಡಾ 20ನ್ನು ತನಗೆಂದು ಮುಚ್ಚಿಟ್ಟುಕೊಂಡಿದೆ, ಅದನ್ನು ಸೊನ್ನೆ ಮಾಡಿ ಎಂಬುದು. ಇದೂ ಎಕ್ಸ್‌ಪಿ ಕಾಲದ್ದು. ಆ ಶೇಕಡಾ 20, ಧ್ವನಿ ಕರೆಯಂಥ ಅವಸರದ ಕೆಲಸ ಬಂದು ಕೇಳಿದರೆ ಮಾತ್ರ ಕೊಡಬಹುದಾದ ಮಿತಿ. ಯಾರೂ ಕೇಳದಿದ್ದಾಗ ಪೂರ್ತಿ ನೂರೂ ನಿಮ್ಮದೇ. ಮೈಕ್ರೋಸಾಫ್ಟ್ ಆಗಲೇ ಇದನ್ನು ಸ್ಪಷ್ಟಪಡಿಸಿತು. ಸ್ಪಷ್ಟನೆ ನಿಂತುಹೋಯಿತು, ತಪ್ಪು ಮಾತು ಓಡುತ್ತಲೇ ಇದೆ.

ಡಿಎನ್‌ಎಸ್ ಬದಲಾಯಿಸುವ ಸಲಹೆ ಅಷ್ಟು ಪೊಳ್ಳಲ್ಲ. ಡಿಎನ್‌ಎಸ್ ಎಂದರೆ ಹೆಸರು ಹೇಳಿದರೆ ಮನೆ ನಂಬರು ಹುಡುಕಿಕೊಡುವ ಪುಸ್ತಕ. ಕಂಪನಿಯ ಪುಸ್ತಕ ನಿಧಾನವಾಗಿದ್ದರೆ ಗೂಗಲ್ 2009ರಲ್ಲಿ ತೆರೆದ ಪುಸ್ತಕವನ್ನೋ ಕ್ಲೌಡ್‌ಫ್ಲೇರ್ 2018ರಲ್ಲಿ ತೆರೆದದ್ದನ್ನೋ ಬಳಸಬಹುದು, ಎರಡೂ ಪುಕ್ಕಟೆ. ಪುಟ ತೆರೆಯಲು ತೊಡಗುವ ಆ ಮೊದಲ ಗಳಿಗೆ ಚುರುಕಾಗುತ್ತದೆ. ಆದರೆ ವಿಳಾಸ ಸಿಕ್ಕ ಮೇಲೆ ಗಾಡಿ ಹೋಗುವುದು ಅದೇ ರಸ್ತೆಯಲ್ಲಿ. ನಿಂತ ಪಾಠ ಇದರಿಂದ ಓಡುವುದಿಲ್ಲ.

ಇಷ್ಟು ಹೇಳಿದ ಮೇಲೆ ಸಾಫ್ಟ್‌ವೇರಿಗೆ ನಾನು ಅನ್ಯಾಯ ಮಾಡಬಾರದು. ಇಂಟರ್ನೆಟ್ಟನ್ನು ಉಳಿಸಿದ್ದೇ ಒಂದು ಸಾಫ್ಟ್‌ವೇರ್ ತಿದ್ದುಪಡಿ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಕುಸಿದುಬಿತ್ತು. ಎರಡರ ನಡುವೆ ಇದ್ದದ್ದು 400 ಗಜ. ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದ ಕಡೆ 40 ಬಿಟ್ ಹೋಗತೊಡಗಿತು. ತಂತಿ ಹರಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ರಸ್ತೆ ತುಂಬಿದ್ದರೂ ಎಲ್ಲರೂ ಲಾರಿ ನುಗ್ಗಿಸುತ್ತಿದ್ದರು. ತಲುಪದ ಸರಕನ್ನು ಮತ್ತೆ ಮತ್ತೆ ಕಳಿಸುತ್ತಿದ್ದರು. ವ್ಯಾನ್ ಜೇಕಬ್ಸನ್ ಎಂಬ ವಿಜ್ಞಾನಿ ಇದನ್ನು ಕೂತು ನೋಡಿ, ಮೊದಲು ಸ್ವಲ್ಪ ಕಳಿಸು, ತಲುಪಿದರೆ ಹೆಚ್ಚಿಸು, ತಡವಾದರೆ ಹಿಂದೆ ಸರಿ ಎಂಬ ನಿಯಮಗಳನ್ನು ಬರೆದರು. 1988ರಲ್ಲಿ ಅದು ಪ್ರಕಟವಾಯಿತು. ಇವತ್ತಿಗೂ ಜಗತ್ತಿನ ಕಂಪ್ಯೂಟರುಗಳು ಆ ನಿಯಮದ ಮಕ್ಕಳು ಮೊಮ್ಮಕ್ಕಳನ್ನೇ ಪಾಲಿಸುತ್ತಿವೆ. 2016ರಲ್ಲಿ ಗೂಗಲ್ಲಿನವರು ಪ್ರಕಟಿಸಿದ ಬಿಬಿಆರ್ ಎಂಬ ಹೊಸ ಪದ್ಧತಿಯ ಲೇಖಕರಲ್ಲೂ ಅವರಿದ್ದಾರೆ.

ನಮ್ಮ ನೀರಗಂಟಿ ಮಾಡುತ್ತಿದ್ದ ಕೆಲಸ ಇದೇ ಅಲ್ಲವೇ? ಎಲ್ಲರೂ ಒಟ್ಟಿಗೆ ಮಡೆ ಒಡೆದುಕೊಂಡರೆ ಯಾರ ಹೊಲವೂ ನೆನೆಯುವುದಿಲ್ಲ. ಸರದಿ ಇದ್ದರೆ ಅದೇ ನೀರು ಎಲ್ಲರಿಗೂ ಸಾಕು. ಆದರೆ ಗಮನಿಸಿ, ಇಂಥ ತಿದ್ದುಪಡಿ ಎಲ್ಲರ ಯಂತ್ರದಲ್ಲೂ ಒಟ್ಟಿಗೆ ಆದಾಗ ಫಲ ಕೊಡುತ್ತದೆ. ಮಾಮೂಲಿ ಅಪ್‌ಡೇಟ್ ಜೊತೆ ಪುಕ್ಕಟೆ ಬರುತ್ತದೆ. ಅದನ್ನು ಬಾಟಲಿಯಲ್ಲಿ ತುಂಬಿ ಒಬ್ಬರಿಗೆ ಮಾರಲು ಬರುವುದಿಲ್ಲ.

ಈಗ ಮನೆಯೊಳಕ್ಕೆ ಬರೋಣ. ನಾನು ಆ ಮನೆಗೆ ಹೋದಾಗ ಲ್ಯಾಪ್‌ಟಾಪ್ ಮುಟ್ಟುವ ಮೊದಲು ರೌಟರ್ ಎಲ್ಲಿದೆ ಎಂದು ಕೇಳಿದೆ. ಕೂಡಲೇ ಯಾರಿಗೂ ಹೊಳೆಯಲಿಲ್ಲ. ಹುಡುಕಿದರೆ ನಡುಮನೆಯ ಕಬ್ಬಿಣದ ಬೀರುವಿನ ಹಿಂದೆ, ನೆಲದ ಮೇಲೆ, ಜೇಡರಬಲೆಯ ನಡುವೆ ಅದರ ಹಸಿರು ದೀಪ ಮಿನುಗುತ್ತಿತ್ತು. ಕೇಬಲ್ ಹಾಕಲು ಬಂದವರು ಕಿಟಕಿಯ ಸಂದಿಯಿಂದ ತಂತಿ ತೂರಿಸಿ, ಹತ್ತಿರದ ಸಾಕೆಟ್ಟಿಗೆ ಸಿಕ್ಕಿಸಿ ಹೋಗಿದ್ದರು. ಮಗಳು ಓದುತ್ತಿದ್ದದ್ದು ಹಿಂದಿನ ಕೋಣೆಯಲ್ಲಿ. ನಡುವೆ ಕಲ್ಲು ಮಣ್ಣಿನ ಗೋಡೆಗಳು ಎರಡು. ಗೋಡೆಯ ಗೂಡಿನಲ್ಲಿ ಕೈಯಿಟ್ಟು ಅಳೆದೆ, ಮೊಣಕೈಯಿಂದ ಬೆರಳ ತುದಿಯವರೆಗೆ ಒಳಕ್ಕೆ ಹೋಯಿತು. ಬೇಸಿಗೆಯಲ್ಲಿ ತಂಪಾಗಿರಲಿ ಎಂದು ಹಿರಿಯರು ಕಟ್ಟಿದ ಗೋಡೆ ಅದು. ಬಿಸಿಲನ್ನು ತಡೆದ ಹಾಗೆಯೇ ರೇಡಿಯೋ ಅಲೆಯನ್ನೂ ತಡೆಯುತ್ತಿತ್ತು.

ರೌಟರಿಗೆ ಒಂದು ತಂತಿ ಸಿಕ್ಕಿಸಿ ಲ್ಯಾಪ್‌ಟಾಪಿಗೆ ನೇರವಾಗಿ ಜೋಡಿಸಿ ವೇಗ ಅಳೆದೆವು. 94 ಮೆಗಾಬಿಟ್. ಅವರ ಪ್ಲಾನ್ 100. ತಂತಿ ತೆಗೆದು ಅದೇ ಲ್ಯಾಪ್‌ಟಾಪನ್ನು ಮಗಳ ಕೋಣೆಗೆ ಒಯ್ದು ಅಳೆದೆವು. 3 ಮೆಗಾಬಿಟ್. ಕಂಪನಿ ಮನೆಯ ಬಾಗಿಲಿಗೆ 94 ತಂದುಕೊಟ್ಟಿತ್ತು. 91 ಕಳೆದುಹೋಗಿದ್ದದ್ದು ಬೀರು ಮತ್ತು ಗೋಡೆಯ ನಡುವೆ.

ವೈಫೈ ಬಗ್ಗೆ ಎರಡು ಮಾತು ತಿಳಿದಿದ್ದರೆ ಸಾಕು. ಅದು ಸಾಮಾನ್ಯವಾಗಿ ಎರಡು ಅಲೆಗಳಲ್ಲಿ ಬರುತ್ತದೆ, 2.4 ಗಿಗಾಹರ್ಟ್ಜ್ ಮತ್ತು 5 ಗಿಗಾಹರ್ಟ್ಜ್. ಮೊದಲನೆಯದು ದೂರ ಹೋಗುತ್ತದೆ, ಗೋಡೆಯನ್ನು ಸ್ವಲ್ಪ ದಾಟುತ್ತದೆ, ಆದರೆ ಅದರಲ್ಲಿ ಒಂದಕ್ಕೊಂದು ತಾಗದ ದಾರಿಗಳು ಮೂರೇ, 1, 6 ಮತ್ತು 11. ಒತ್ತೊತ್ತಾಗಿ ಮನೆಗಳಿರುವ ಬೀದಿಯಲ್ಲಿ ಹತ್ತು ರೌಟರುಗಳು ಆ ಮೂರು ದಾರಿಯಲ್ಲೇ ಕೂಗಾಡುತ್ತವೆ. ಎರಡನೆಯದು ವೇಗ ಹೆಚ್ಚು, ಸಂದಣಿ ಕಡಿಮೆ, ಆದರೆ ದಪ್ಪ ಗೋಡೆ ಕಂಡರೆ ನಿಂತುಬಿಡುತ್ತದೆ. ಹಳೆಯ ಗೋಡೆಯ ಮನೆಗಳಿಗೆ ನನ್ನ ಸಲಹೆ ಒಂದೇ. ರೌಟರನ್ನು ಎತ್ತರದಲ್ಲಿ, ಬಾಗಿಲುಗಳ ಸಾಲಿಗೆ ಕಾಣುವ ಹಾಗೆ ಇಡಿ. ಅದೂ ಸಾಲದಿದ್ದರೆ ಓದುವ ಕೋಣೆಗೆ ಒಂದು ಒಳ್ಳೆಯ ತಂತಿ ಎಳೆಸಿ. ಎಳೆಸುವಾಗ ಎಂಟೂ ಎಳೆ ಸರಿಯಾಗಿ ಸೇರಿರುವ ತಂತಿಯಾಗಲಿ. ಒಂದು ಎಳೆ ಹರಿದಿದ್ದರೂ ಗಿಗಾಬಿಟ್ ಹೋಗಬೇಕಾದ ಕಡೆ ಹೆಚ್ಚೆಂದರೆ ನೂರು ಮೆಗಾಬಿಟ್ ಹೋಗುತ್ತದೆ.

ಸಾಫ್ಟ್‌ವೇರ್ ತಿದ್ದಿ ಮನೆಯಲ್ಲಿ ನಿಜವಾಗಿ ಗೆಲ್ಲಬಹುದಾದ ಒಂದು ಜಾಗ ಇದೆ. ಅದನ್ನು ಹೇಳದೆ ಬಿಟ್ಟರೆ ನನ್ನ ಮಾತು ಅರ್ಧವಾಗುತ್ತದೆ. ನಮ್ಮ ಗುಯಿಲಾಳು ಟೋಲ್ ಗೇಟನ್ನು ನೆನೆಯಿರಿ. ಈರುಳ್ಳಿ ಲಾರಿಗಳು ಸಾಲುಗಟ್ಟಿ ನಿಂತಿವೆ. ಹಿಂದಿನಿಂದ ಒಂದು ಆಂಬುಲೆನ್ಸ್ ಬಂತು. ಸಾಲು ಒಂದೇ ಇದ್ದರೆ ಅದೂ ಕೊನೆಯಲ್ಲಿ ನಿಲ್ಲಬೇಕು. ಮನೆಯಲ್ಲಿ ಯಾರಾದರೂ ಮದುವೆಯ ವಿಡಿಯೋ ಮೇಲಕ್ಕೆ ಕಳಿಸುತ್ತಿರುವಾಗ, ಇಲ್ಲವೇ ಫೋನು ತಾನಾಗಿಯೇ ಸಾವಿರ ಫೋಟೋ ಕಳಿಸತೊಡಗಿದಾಗ ಆಗುವುದು ಇದೇ. ರೌಟರಿನೊಳಗೆ ಸರಕು ಸಾಲುಗಟ್ಟುತ್ತದೆ. ಮಗಳ ಪಾಠದ "ತಲುಪಿತು" ಚೀಟಿ ಆ ಸಾಲಿನ ಕೊನೆಯಲ್ಲಿ ಸಿಕ್ಕಿಕೊಳ್ಳುತ್ತದೆ. ವೇಗ ಅಳೆದರೆ ಸರಿಯಾಗಿಯೇ ಇರುತ್ತದೆ, ಮಾತು ಮಾತ್ರ ಕಡಿಕಡಿದು ಬರುತ್ತದೆ. ಇದನ್ನು ಬಫರ್‌ಬ್ಲೋಟ್ ಎನ್ನುತ್ತಾರೆ. ಜಿಮ್ ಗೆಟಿಸ್ ಎಂಬ ಎಂಜಿನಿಯರ್ 2010ರ ಸುಮಾರಿಗೆ ತಮ್ಮ ಮನೆಯಲ್ಲೇ ಇದನ್ನು ಕಂಡು ಲೋಕಕ್ಕೆಲ್ಲ ಹೇಳಿದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜೇಕಬ್ಸನ್ ಸೇರಿ ಇದಕ್ಕೊಂದು ಪರಿಹಾರ ಕೊಟ್ಟರು. ಅದರ ಮೇಲೆ ಕಟ್ಟಿದ ಪದ್ಧತಿಗಳು ಲಾರಿಗೆ ಒಂದು ಸಾಲು, ಆಂಬುಲೆನ್ಸಿಗೆ ಒಂದು ಸಾಲು ಮಾಡಿಕೊಡುತ್ತವೆ. ಹಲವು ರೌಟರುಗಳಲ್ಲಿ ಕ್ಯೂಒಎಸ್ ಎಂಬ ಸೆಟ್ಟಿಂಗ್ ಇರುತ್ತದೆ. ಇಲ್ಲದಿದ್ದರೆ ಸುಲಭದ ದಾರಿ, ಫೋಟೋ ಬ್ಯಾಕಪ್ಪನ್ನೂ ವಿಂಡೋಸ್ ಅಪ್‌ಡೇಟನ್ನೂ ರಾತ್ರಿಗೆ ತಳ್ಳುವುದು. ಇದು ಒಟ್ಟು ವೇಗವನ್ನು ಹೆಚ್ಚಿಸುವುದಿಲ್ಲ, ಬೇಕಾದವರಿಗೆ ಬೇಕಾದ ಹೊತ್ತಿಗೆ ದಾರಿ ಬಿಡಿಸುತ್ತದೆ. ಓದುವ ಮಗುವಿಗೆ ಬೇಕಾದದ್ದು ಅದೇ.

ಮನೆಯೊಳಗೆ ಎಲ್ಲವೂ ಸರಿಯಿದ್ದು ಸಂಜೆ ಎಂಟರಿಂದ ಹತ್ತರವರೆಗೆ ಮಾತ್ರ ನಿಧಾನವಾದರೆ ತೊಂದರೆ ನಿಮ್ಮದಲ್ಲ. ಮನೆಗೆ ಬರುವ ಫೈಬರ್ ಸಾಮಾನ್ಯವಾಗಿ ಜಿಪಾನ್ ಎಂಬ ವ್ಯವಸ್ಥೆಯದ್ದು. ಒಂದು ಎಳೆಯಲ್ಲಿ ಬರುವ ಸುಮಾರು ಎರಡೂವರೆ ಗಿಗಾಬಿಟ್ಟನ್ನು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಅಲ್ಲಿಂದಾಚೆ ಕಂಪನಿಯು ಬೆಂಗಳೂರಿನ ಕಡೆಗೆ ಕೊಂಡಿರುವ ದಾರಿ ಎಷ್ಟು ಅಗಲವೋ ಅಷ್ಟೇ. ಊರಿಗೆ ಊರೇ ಧಾರಾವಾಹಿ, ಕ್ರಿಕೆಟ್ ನೋಡಲು ಕೂತಾಗ ಅದು ಇಕ್ಕಟ್ಟಾಗುತ್ತದೆ. ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಕೇಂದ್ರದ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಅದರ ಹೆಸರು ಭಾರತ್‌ನೆಟ್. ಪಂಚಾಯಿತಿಗೆ ಬಂದ ಎಳೆ ಹಳ್ಳಿಯ ಮನೆಮನೆಗೆ ಮುಟ್ಟುವುದು, ರಸ್ತೆ ಅಗೆಯುವ ಜೆಸಿಬಿ ತುಂಡರಿಸಿದ ಎಳೆಯನ್ನು ಅದೇ ದಿನ ಕೂಡಿಸುವುದು, ಕರೆಂಟ್ ಹೋದಾಗ ಫೈಬರ್ ಪೆಟ್ಟಿಗೆಗೆ ಬ್ಯಾಟರಿ ಇರುವುದು, ವೇಗ ನಿಂತಿರುವುದು ಇವುಗಳ ಮೇಲೆ. ನನಗೆ ನೋವಾಗುವುದು ಇಲ್ಲಿ. ಹೊರಗೆ ಆಗಬೇಕಾದ ಕೆಲಸಕ್ಕೆ ಜನ ಒಳಗೆ ಸಾಫ್ಟ್‌ವೇರ್ ಹಾಕಿಕೊಂಡು, ತಮ್ಮ ಕಂಪ್ಯೂಟರೇ ಸರಿಯಿಲ್ಲ, ತಮಗೇ ತಿಳಿಯುವುದಿಲ್ಲ ಎಂದು ಸುಮ್ಮನಾಗುತ್ತಾರೆ. ಕೇಳಬೇಕಾದವರನ್ನು ಕೇಳುವುದಿಲ್ಲ.

ಇನ್ನೊಂದು ಎಚ್ಚರಿಕೆ. ವೇಗದ ಹೆಸರಿನಲ್ಲಿ ದೊಡ್ಡ ಮಟ್ಟದ ಮೋಸವೂ ನಡೆದಿದೆ. 1995ರಲ್ಲಿ ಅಮೆರಿಕದಲ್ಲಿ ಸಾಫ್ಟ್‌ರ‍್ಯಾಮ್ ಎಂಬ ಸಾಫ್ಟ್‌ವೇರ್ ಕಂಪ್ಯೂಟರಿನ ಮೆಮೊರಿಯನ್ನು ಎರಡು ಪಟ್ಟು ಮಾಡುತ್ತೇನೆ ಎಂದು ಮಾರಾಟವಾಯಿತು. ಬಿಚ್ಚಿ ನೋಡಿದರೆ ಅಂಥದ್ದೇನನ್ನೂ ಅದು ಮಾಡುತ್ತಿರಲಿಲ್ಲ. 2019ರಲ್ಲಿ ಅಲ್ಲಿನ ಆಫೀಸ್ ಡಿಪೊ ಎಂಬ ಅಂಗಡಿ ಸರಣಿ ಮತ್ತು ಅದರ ಜೊತೆಗಾರ ಕಂಪನಿ, ಕಂಪ್ಯೂಟರ್ ತಪಾಸಣೆಯ ಹೆಸರಿನಲ್ಲಿ ಇಲ್ಲದ ರೋಗ ತೋರಿಸಿ ರಿಪೇರಿ ಮಾರಿದ ಆರೋಪಕ್ಕೆ ಒಟ್ಟು 3.5 ಕೋಟಿ ಡಾಲರ್ ಕಟ್ಟಿ ರಾಜಿಯಾದವು. ಅದೇ 2019ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್, ದೂರದಿಂದ ನಮ್ಮ ಪರದೆಯನ್ನು ನೋಡುವ ಆಪ್ ಹಾಕಿಸಿ ಹಣ ದೋಚುವವರ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತು. ಫೋನಿನಲ್ಲಿ ಯಾರೋ "ನಿಮ್ಮ ನೆಟ್ ಸರಿಮಾಡಿಕೊಡ್ತೀನಿ, ಈ ಆಪ್ ಹಾಕಿಕೊಳ್ಳಿ" ಎಂದರೆ ಆ ಕ್ಷಣವೇ ಫೋನ್ ಇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತೇರು ಮಲ್ಲೇಶ್ವರ ಬೀದಿಯ ಆ ಮನೆಯಲ್ಲಿ ನಾವು ಮಾಡಿದ್ದು ಇಷ್ಟು. ಮೂರೂ ಸಾಫ್ಟ್‌ವೇರುಗಳನ್ನು ತೆಗೆದೆವು, ಅವು ತಿದ್ದಿದ್ದನ್ನು ಮೊದಲಿನಂತೆ ಮಾಡಿದೆವು. ಅಳೆದೆವು, 3 ಇದ್ದದ್ದು 3 ಆಗಿಯೇ ಉಳಿಯಿತು. ಆಮೇಲೆ ರೌಟರನ್ನು ಬೀರುವಿನ ಹಿಂದಿನಿಂದ ತೆಗೆದು, ಒರೆಸಿ, ನಡುಮನೆಯ ಬಾಗಿಲಿನ ಮೇಲಿನ ಹಲಗೆಯ ಮೇಲೆ ಇಟ್ಟೆವು. ಅಲ್ಲಿಂದ ಹಿಂದಿನ ಕೋಣೆಯ ಬಾಗಿಲು ನೇರ ಕಾಣುತ್ತದೆ. ಮತ್ತೆ ಅಳೆದರೆ 61. ಖರ್ಚಾದದ್ದು ಎರಡು ಮೊಳೆ. ಆ ಹುಡುಗಿ ಅವತ್ತು ರಾತ್ರಿಯೇ ನೋಟ್‌ಬುಕ್ಕಿನ ಖಾಲಿ ಜಾಗಗಳನ್ನು ತುಂಬಲು ಕೂತಳು.

ಕೇಳುಗರಲ್ಲಿ ನನ್ನ ಕೋರಿಕೆ ಇದು. ದುಡ್ಡು ಕೊಟ್ಟು ಏನನ್ನೂ ಹಾಕಿಸಿಕೊಳ್ಳುವ ಮೊದಲು ಒಂದು ವಾರ ದಿನಕ್ಕೆ ಮೂರು ಸಲ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ, ರೌಟರಿಗೆ ತಂತಿ ಸಿಕ್ಕಿಸಿ ವೇಗ ಅಳೆಯಿರಿ. ಕೋಣೆಯಲ್ಲೂ ಅಳೆಯಿರಿ. ಎರಡನ್ನೂ ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆಯಿರಿ. ತಂತಿಯಲ್ಲಿ ಸರಿ, ಕೋಣೆಯಲ್ಲಿ ಕಡಿಮೆ ಎಂದಾದರೆ ರೌಟರಿನ ಜಾಗ ಬದಲಾಯಿಸಿ. ತಂತಿಯಲ್ಲೇ ಕಡಿಮೆ ಎಂದಾದರೆ ಆ ಹಾಳೆ ಹಿಡಿದು ಕಂಪನಿಗೆ ದೂರು ಕೊಡಿ, ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಅಲ್ಲಿ ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ಹಕ್ಕು ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2012ರ ನಿಯಮದಲ್ಲಿ ನಿಮಗಿದೆ, ಅದಕ್ಕೆ ಶುಲ್ಕವಿಲ್ಲ. ಹಾಗೆ ಬರೆದಿಟ್ಟ ಹಾಳೆ ಹತ್ತು ಮನೆಗಳಿಂದ ಒಟ್ಟಿಗೆ ಹೋಗಲಿ.